ಮೊಣಕೈ ಲೆಕ್ಕ

ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ ಮನೆ ಬರೆದೆ.
ಜೋಗಿಮಟ್ಟಿ ರಸ್ತೆಯ ಒಳಗೇರಿ, ಕಲ್ಲುಚಪ್ಪಡಿ ಮಾಡು,
ಬಾಣದ ಗುರುತಿಟ್ಟು ದಕ್ಷಿಣ,
ಪಡುವಣ ಹಿತ್ತಿಲಿಗೆ ಬಂಡೆ.
ಬಂಡೆಯನ್ನು ಬರೀ ಒಂದು ಗೆರೆಯಲ್ಲಿ ಮುಗಿಸಿದೆ.
ರಾತ್ರಿ ಹತ್ತಾದರೂ ಬೆಚ್ಚಗಿರುತ್ತದೆ ಅದು,
ಪೈಪಿಲ್ಲ, ಪಂಪಿಲ್ಲ, ಯಾರ ನಕ್ಷೆಯೂ ಇಲ್ಲ.

ಪುಷ್ಯದಲ್ಲಿ ನಾದಿನಿ ಸರ್ವಮಂಗಳ ಬಾಣಂತನಕ್ಕೆ ಬರುತ್ತಾಳೆ.
ಎಷ್ಟು ನೀರು ಬೇಕಾಗುತ್ತೆ ಅತ್ತೆ, ಅಂದೆ.
'ಬಾಣಂತಿ ಸಾಕು ಅನ್ನೋವಷ್ಟಲ್ಲ,
ಅದರ ಮೇಲೆ ಇನ್ನೆರಡು ಕೊಡ.'
ಕೊಡಕ್ಕೆ ಹದಿನೈದು ಲೀಟರ್ ಹಿಡಿದು
ಕೂಡಿದೆ, ಕೂಸಿನದ್ದು, ನಮ್ಮದು, ಬಟ್ಟೆಯದ್ದು.
ಮುನ್ನೂರಕ್ಕೆ ಬಂದು ನಿಂತಿತು ಪೆನ್ಸಿಲ್.

ದಾದಾಪೀರ್ ಬಂದ, ಕಿವಿಯಲ್ಲಿ ಸೀಮೆಸುಣ್ಣ.
ಹಿಮ್ಮಡಿಯಿಂದ ಚಪ್ಪಡಿ ಬಡಿದು ಕೇಳಿಸಿಕೊಂಡ.
'ಮುನ್ನೂರು ಲೀಟರ್ ಹೊರಲ್ಲ ಅಕ್ಕಾ ಇದು.
ಗಾಜು ಮೇಲಿರಲಿ, ಟ್ಯಾಂಕು ಕೆಳಗೆ, ಬಚ್ಚಲ ಮೂಲೆಗೆ.
ಆದ್ರೆ ಕಾದ ನೀರು ತಾನೇ ಏರುತ್ತೆ,
ತಾನೇ ಇಳಿಯಲ್ಲ.
ಇಳಿಸೋಕೆ ಒಬ್ಬ ಆಳು ಬೇಕು.'
ಆಳು ಅಂದರೆ ಅಂಗೈ ಅಗಲದ ಪಂಪು.
ಮಟಮಟ ಮಧ್ಯಾಹ್ನ ಕರೆಂಟು ಹೋದರೆ?
'ಅದಕ್ಕೂ ಬಿಸಿಲೇ ಅನ್ನ,
ಒಂದು ಪುಟ್ಟ ಪ್ಯಾನೆಲ್ ಬೇರೆ ಇಡೋಣ.'

ಗಾಜಿನಡಿ ಒಂದು ಸೆನ್ಸರು, ಟ್ಯಾಂಕಿನ ಹೊಟ್ಟೆಯಲ್ಲೊಂದು.
ಎಂಟು ಡಿಗ್ರಿ ಅಂತರ ಬಿದ್ದರೆ ಪಂಪು ಏಳುತ್ತದೆ,
ಮೂರಕ್ಕಿಳಿದರೆ ಮಲಗುತ್ತದೆ.
ಇಬ್ಬರೂ ಒಂದೇ ಬಿಸಿಯಾದರೆ ಕೊಡುವುದೂ ಇಲ್ಲ, ಕೊಳ್ಳುವುದೂ ಇಲ್ಲ.
ಇದನ್ನು ಎರಡು ಸಲ ಓದಿಕೊಂಡೆ.

ಬೋರಿನ ನೀರು ನಮ್ಮದು.
ಪಾತ್ರೆಯ ತಳಕ್ಕೆ ಬಿಳೀ ಚರ್ಮ ಬೆಳೆಸುವ ನೀರು,
ಪೈಪಿಗೆ ಬಿಟ್ಟರೆ ಎರಡೇ ವರ್ಷ.
ಹಾಗಾಗಿ ಮೇಲೆ ಸುತ್ತುವ ನೀರೇ ಬೇರೆ, ಎರೆದುಕೊಳ್ಳುವ ನೀರೇ ಬೇರೆ,
ನಡುವೆ ತಾಮ್ರದ ಸುರುಳಿ.
ಒಂದನ್ನೊಂದು ಮುಟ್ಟದೆ
ಕಾವು ಮಾತ್ರ ಕೈ ಬದಲಾಯಿಸುತ್ತದೆ.

ಅತ್ತೆ ಇಷ್ಟೊತ್ತೂ ಹಂಡೆಯ ಮುಂದೆ,
ಮೆಕ್ಕೆಜೋಳದ ಬೆಂಡು ಒಲೆಗೆ ತಳ್ಳುತ್ತ.
'ಎಷ್ಟು ಬಿಸಿ ಬರುತ್ತೆ ನಿನ್ನ ಗಾಜಿಂದ?'
ಅರವತ್ತು.
'ಅರವತ್ತು ಅಂದ್ರೆ?'
ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ
ಬಕೆಟ್ಟಿಗೆ ಬಗ್ಗಿ, ಮೊಣಕೈ ಅದ್ದಿ, ತೆಗೆದು,
'ಬಾಣಂತಿಗೆ ಇಷ್ಟು.'
ಶಾಲೆಯ ಲ್ಯಾಬಿನಿಂದ ತಂದ ಥರ್ಮಾಮೀಟರು ಇಳಿಬಿಟ್ಟೆ: ನಲವತ್ತಾರು.
ಚೊಂಬಿನಲ್ಲಿ ತಣ್ಣೀರು ಬೆರೆಸಿ, ಮತ್ತೆ ಮೊಣಕೈ,
'ಕೂಸಿಗೆ ಇಷ್ಟು.'
ಮೂವತ್ತೆಂಟು.
ಚೆಲ್ಲಿ, ಮತ್ತೆ ಬೆರೆಸಿ ತೋರಿಸಿ ಅಂದೆ.
ಬೈದುಕೊಂಡೇ ಬೆರೆಸಿದರು. ಮೂವತ್ತೆಂಟು.

ದಾದಾಪೀರ್ ಫೋನಿನ ದಿಕ್ಸೂಚಿ ನೋಡಿ
ಪಡುವಣ ಮೂಲೆಯಲ್ಲಿ ಚೌಕ ಎಳೆಯುತ್ತಿದ್ದ.
ಮಂಡಿನೋವಿನ ಅತ್ತೆ
ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು,
ಮೇಲೆ ಬಂದು ನಿಂತು ಉಸಿರು ಬಿಟ್ಟರು.
'ಅಲ್ಲಿ ಬೇಡಪ್ಪ.
ಮಾಘದಲ್ಲಿ ಅಲ್ಲಿ ಹಪ್ಪಳ ಒಣಗಲ್ಲ,
ಮೂರೂವರೆಗೆಲ್ಲ ಬಂಡೆ ಬಂದು ಕೂರುತ್ತೆ.
ಇಲ್ಲಿ.'
ಕಾಲ್ಬೆರಳಿಂದ ತೋರಿಸಿದರು, ಮೂಡಣಕ್ಕೆ ಐದು ಹೆಜ್ಜೆ.
ಬರಿಗಾಲು ಸುಡುವ ಹೊತ್ತಲ್ಲಿ ಅಲುಗದೆ ನಿಂತಿದ್ದರು.

ಗಾಜು ಎಷ್ಟು ಓರೆ ಇರಬೇಕು?
ನಮ್ಮೂರ ಅಕ್ಷಾಂಶ ಹದಿನಾಲ್ಕು, ಚಳಿಗಾಲಕ್ಕೆಂದು ಹತ್ತು,
ಇಪ್ಪತ್ನಾಲ್ಕು, ಅಂತ ನನ್ನ ಪುಸ್ತಕ.
'ಮೆಣಸಿನಕಾಯಿಗೆ ಮೊರ ಒರಗಿಸಿದಷ್ಟು' ಅಂತ ಅವರು,
ಇಟ್ಟಿಗೆಗೆ ಮೊರ ಒರಗಿಸಿಯೇ ಬಿಟ್ಟರು.
ಅದರ ಮೇಲೆ ಫೋನಿಟ್ಟ ದಾದಾಪೀರ್:
ಇಪ್ಪತ್ತಾರು.
ನಕ್ಕ. 'ಎರಡು ಡಿಗ್ರಿ ತಾನೇ.'

ಸಂಜೆ ಒಟ್ಟು ಮೊತ್ತ ಹೇಳಿದೆ.
ಓಬಳೇಶ ಕೈಯಲ್ಲಿದ್ದ ಚಹಾವನ್ನು ಆರುವ ತನಕ ಊದಿದ.
ಇನ್ನೊಂದು ಕಡೆ ಕೇಳೋಣ, ಅಂದ.
ದೀಪಾವಳಿ ಆಗಲಿ, ಅಂದ.
ಕ್ಯಾಲೆಂಡರ್ ಸುತ್ತಿ ಅಟ್ಟಕ್ಕೆ ಸಿಕ್ಕಿಸಿದೆ.

ಬೆಳಿಗ್ಗೆ ಒಗೆದ ಬಟ್ಟೆ ಹಿಡಿದು ಮೇಲೆ ಹೋದರೆ
ಸೀಮೆಸುಣ್ಣದ ಹೊಸ ಚೌಕದ ತುಂಬ
ಹಳೇ ಪಂಚೆ, ಪಂಚೆಯ ಮೇಲೆ ಅಕ್ಕಿ ಸಂಡಿಗೆ.
'ಬರೋತನಕ ಬಿಸಿಲು ದಂಡ ಆಗಬಾರದು ನೋಡು.'
ದಕ್ಷಿಣದ ಕಡೆ, ಗೆರೆ ದಾಟಿ,
ಒಂದು ಸಾಲು ಹೆಚ್ಚೇ ಇಟ್ಟಿದ್ದರು.

ಕೆಳಗೆ ಹೋಗಿ ನಕ್ಷೆ ತಿದ್ದಿದೆ.